ಹಗಲು ಹೇಳಬಾರದ ಕಥೆ

ಶನಿವಾರದ ಕೊನೆಯ ಪಿರಿಯಡ್ಡಿನಲ್ಲಿ ಕಥೆ ಹೇಳಲೆಂದು ನಾನು ಕುರ್ಚಿ ಎಳೆದುಕೊಂಡು ಕೂತರೆ ಸಾಕು, ಮೂರನೇ ಸಾಲಿನ ಒಬ್ಬ ಹುಡುಗಿ ಎರಡೂ ಕಿವಿಗೆ ಅಂಗೈ ಒತ್ತಿಕೊಂಡು ಕಣ್ಣು ಮುಚ್ಚಿಬಿಡುತ್ತಿದ್ದಳು. ಗಂಟೆ ಹೊಡೆಯುವವರೆಗೂ ಹಾಗೇ. ಉಳಿದ ಮಕ್ಕಳೆಲ್ಲ ಬಾಯಿ ತೆರೆದುಕೊಂಡು ಕೇಳುತ್ತಿರುವಾಗ ಒಬ್ಬಳು ಹೀಗೆ ಕೂತರೆ ಹೇಳುವವರಿಗೆ ಹೇಗಾಗಬೇಡ? ನನಗೆ ಮೈ ಉರಿಯುತ್ತಿತ್ತು. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆಂದು ಮನೆಯವರು ಈಗಲೂ ಆಡಿಕೊಳ್ಳುತ್ತಾರೆ. ಆಗ ವಯಸ್ಸೂ ಚಿಕ್ಕದಿತ್ತು. ಆದರೂ ಆ ಹುಡುಗಿಯನ್ನು ನಾನು ಗದರಿಸಲಿಲ್ಲ. ಗದರಿಸಿದರೆ ಕೈ ತೆಗೆದಾಳು, ಯಾಕೆ ಮುಚ್ಚಿಕೊಂಡಿದ್ದಳೆನ್ನುವುದು ಮಾತ್ರ ತಿಳಿಯದೇ ಹೋದೀತು ಅನ್ನಿಸಿತ್ತು.

ಮೈಸೂರು ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾದ ಆಸುಪಾಸಿನ ಮಾತಿದು. ನಾನು ಚಿಂಚೋಳಿಯವಳು. ಮೊದಲ ನೇಮಕವೇ ವಾಡಿಯ ಕನ್ನಡ ಪ್ರಾಥಮಿಕ ಶಾಲೆಗೆ. ವಾಡಿ ಅಂದರೆ ಜಂಕ್ಷನ್ನು. ಊರಿಗಿಂತ ಸ್ಟೇಷನ್ನೇ ದೊಡ್ಡದು. ಒಂದು ಕಡೆ ಹಳಿ, ಒಂದು ಕಡೆ ಸಿಮೆಂಟ್ ಕಾರ್ಖಾನೆ, ಸುತ್ತ ನೆಲಕ್ಕೆ ಹಾಸುವ ಫರಸಿ ಕಲ್ಲಿನ ಗಣಿ. ನನ್ನ ತರಗತಿಯಲ್ಲಿ ಗ್ಯಾಂಗ್‌ಮನ್ನರ ಮಕ್ಕಳಿದ್ದರು, ಕಲ್ಲು ಒಡೆಯುವವರ ಮಕ್ಕಳಿದ್ದರು, ಕಾರ್ಖಾನೆಯವರ ಮಕ್ಕಳಿದ್ದರು. ಮನೆಯಲ್ಲಿ ಒಬ್ಬ ತೆಲುಗು ಆಡಿದರೆ ಇನ್ನೊಬ್ಬ ಮರಾಠಿ, ಮತ್ತೊಬ್ಬಳು ಉರ್ದು. ಶಾಲೆಗೆ ಬಂದಾಗ ಎಲ್ಲರದೂ ಕನ್ನಡವೇ, ಆದರೆ ಆ ಕನ್ನಡದಲ್ಲಿ ಎಲ್ಲರ ಮನೆಯ ಮಾತೂ ಸೇರಿಕೊಂಡಿರುತ್ತಿತ್ತು.

ಕಥೆಗಳು ಸಿಕ್ಕಿದ್ದು ಕಿರಾಣಿ ಅಂಗಡಿಯಲ್ಲಿ. ರೈಲ್ವೆ ಕ್ವಾರ್ಟರ್ಸಿನ ಯಾವುದೋ ಕುಟುಂಬ ಊರು ಬಿಡುವಾಗ ರದ್ದಿಗೆ ಹಾಕಿದ ದಪ್ಪನೆಯ ಇಂಗ್ಲಿಷ್ ಪುಸ್ತಕವೊಂದರ ಹಾಳೆ ಹರಿದು ಅಂಗಡಿಯವನು ಜೀರಿಗೆ ಕಟ್ಟಿಕೊಡುತ್ತಿದ್ದ. ನನ್ನ ಜೀರಿಗೆಯ ಪೊಟ್ಟಣದ ಮೇಲೆ ಕಿರೀಟ ಹಾಕಿಕೊಂಡ ಕಪ್ಪೆಯ ಚಿತ್ರವಿತ್ತು. ಮರುದಿನ ಹೋಗಿ ಉಳಿದ ಪುಸ್ತಕವನ್ನು ಕಾಡಿ ಬೇಡಿ ತಂದೆ. ರಟ್ಟಿಲ್ಲ, ಹೆಸರಿಲ್ಲ, ಯಾರು ಬರೆದದ್ದೋ ಗೊತ್ತಿಲ್ಲ. ಕೆಲವು ಕಥೆಗೆ ಮೊದಲಿಲ್ಲ, ಕೆಲವಕ್ಕೆ ಕೊನೆಯಿಲ್ಲ. ಒಬ್ಬ ರಾಕ್ಷಸನನ್ನು ಕೊಲ್ಲುವ ಉಪಾಯ ಯಾರ ಮನೆಯ ಒಗ್ಗರಣೆಗೋ ಹೋಗಿತ್ತು. ನನ್ನ ಇಂಗ್ಲಿಷೂ ಅಷ್ಟಕ್ಕಷ್ಟೇ. ಹೀಗಾಗಿ ಅರ್ಧ ಪುಸ್ತಕದ್ದು, ಅರ್ಧ ನನ್ನದು ಅಂತ ಕಥೆ ಹೊಂದಿಸಿಕೊಂಡು ಶನಿವಾರ ಶನಿವಾರ ಹೇಳತೊಡಗಿದೆ. ಮುಂದೆ ಮಕ್ಕಳಿಗಾಗಿ ಬರೆಯುವವಳಾದೆನಲ್ಲ, ಅದರ ಶುರುವಾತು ಇಲ್ಲಿಯದೇ.

ಹೇಳುವುದು ಸಲೀಸು ಅಂದುಕೊಂಡಿದ್ದೆ. ಮೊದಲ ದಿನವೇ ಎಡವಿದೆ. ಪಠ್ಯಪುಸ್ತಕದ ಕನ್ನಡದ ಗತ್ತಿನಲ್ಲಿ, “ರಾಜನು ಹಜಾರದಲ್ಲಿ ಕುಳಿತಿದ್ದನು” ಅಂದೆ. ಒಬ್ಬ ಹುಡುಗ ಎದ್ದು ನಿಂತ.

“ಹಜಾರ್ ಏನ್ರಿ ಟೀಚರ್? ಹಜಾರ್ ಮಂದ್ಯಾಗ ಕುಂತಿದ್ನೇನ್ರಿ?”

ಅವರ ಮಟ್ಟಿಗೆ ಹಜಾರ ಅಂದರೆ ಸಾವಿರ. ಸಾವಿರದ ಮುಂದೆ ಏನಿದೆ, ಸಾವಿರ ಆಳೋ, ಸಾವಿರ ಕುದುರೆಯೋ, ಅದನ್ನು ಹೇಳದೆ ಟೀಚರು ನುಂಗಿಬಿಟ್ಟರು ಅಂತ ಅವರ ಅನುಮಾನ. ಅಲ್ಲಪ್ಪ, ಹಜಾರ ಅಂದರೆ ಮನೆಯ ಮುಂದಿನ ಕೋಣೆ ಅಂದೆ. “ಹಂಗಂದ್ರ ಪಡಸಾಲ್ಯಾಗ ಕುಂತಿದ್ದ ಅನ್ರಿ” ಅಂತ ಆತ ನನ್ನನ್ನು ತಿದ್ದಿ ಕೂತ. ಅಂದಿನಿಂದ ನನ್ನ ರಾಜರೆಲ್ಲ ಪಡಸಾಲೆಯಲ್ಲೇ ಕೂರುತ್ತಾರೆ. ಅಚ್ಚಾದ ಪುಸ್ತಕಗಳಲ್ಲೂ ಹಾಗೇ ಇದೆ, ಬೇಕಾದವರು ನೋಡಬಹುದು.

ಕಥೆಯಲ್ಲಿ ಹಿಮ ಬಿದ್ದ ದಿನ ಇನ್ನೂ ಫಜೀತಿ. ಆ ಪುಸ್ತಕದಲ್ಲಿ ಪುಟಪುಟಕ್ಕೂ ಹಿಮ. ಆಕಾಶದಿಂದ ಬೆಳ್ಳಗೆ ಹಿಟ್ಟಿನ ಹಾಗೆ ಉದುರಿ ಮರ, ಮನೆ, ದಾರಿ ಎಲ್ಲ ಬೆಳ್ಳಗಾಯಿತು ಅಂತ ನಾನು ಕೈ ಆಡಿಸಿ ವರ್ಣಿಸಿದೆ. ಮಕ್ಕಳು ಒಬ್ಬರನ್ನೊಬ್ಬರು ನೋಡಿಕೊಂಡರು. ಇದರಲ್ಲಿ ಹೇಳುವಂಥದ್ದು ಏನಿದೆ ಅನ್ನುವ ಮುಖ.

“ಸಿಮೆಂಟೇನ್ರಿ?” ಅಂದಳು ಮುಂದೆ ಕೂತವಳು.

ಕಾರ್ಖಾನೆ ಹೊಗೆ ಬಿಟ್ಟ ದಿನ ನಮ್ಮ ಶಾಲೆಯ ಬೇವಿನಮರ ಹಾಗೇ ಇರುತ್ತಿತ್ತು, ನಿಜ. ಅಲ್ಲ, ಇದು ತಣ್ಣಗಿರುತ್ತದೆ, ಕೈಯಲ್ಲಿ ಹಿಡಿದರೆ ನೀರಾಗುತ್ತದೆ ಅಂದೆ. ಹಿಂದಿನ ಸಾಲಿನಿಂದ ಇನ್ನೊಂದು ಪ್ರಶ್ನೆ ಬಂತು. “ಅದರ ಮ್ಯಾಲ ಮಳಿ ಬಿದ್ರ ಗಟ್ಟಿ ಆಗ್ತದೇನ್ರಿ? ರಾಜನ ಮಗಳ ಕಾಲು ಸಿಕ್ಕೊಂಡ್ರ?” ಆಮೇಲೆ ರಾಜನ ಮಗಳ ಗತಿ ಏನಾಯಿತೆಂದು ಯಾರೂ ಕೇಳಲಿಲ್ಲ. ಗಟ್ಟಿಯಾದ ಹಿಮವನ್ನು ಯಾವ ಸುತ್ತಿಗೆಯಿಂದ ಒಡೆಯಬೇಕು ಅನ್ನುವ ಚರ್ಚೆಯಲ್ಲೇ ಪಿರಿಯಡ್ಡು ಮುಗಿಯಿತು. ಮುಂದಿನ ವಾರ ನಾನು ಹಿಮವನ್ನೇ ತೆಗೆದುಹಾಕಿ ಬಿಸಿಲು ಇಟ್ಟೆ. ಮೇ ತಿಂಗಳ ಸೇಡಂ ಬಿಸಿಲು. ಆ ಬಿಸಿಲಿಗೆ ಊರಿಗೆ ಊರೇ ಬಾಗಿಲು ಹಾಕಿಕೊಂಡು ಮಲಗಿತು, ಮಲಗಿದ್ದು ಏಳಲಿಲ್ಲ ಅಂದೆ. ಈಗ ಎಲ್ಲರೂ ನಂಬಿದರು.

ಇಷ್ಟೆಲ್ಲ ಗದ್ದಲ ನಡೆಯುವಾಗಲೂ ಮೂರನೇ ಸಾಲಿನ ಹುಡುಗಿಯ ಕೈ ಕಿವಿಯಿಂದ ಇಳಿಯುತ್ತಿರಲಿಲ್ಲ. ಮುಸಲ್ಮಾನರ ಹುಡುಗಿ. ಉರ್ದು ಶಾಲೆ ಹಳಿಯಾಚೆ ದೂರ ಅಂತ ನಮ್ಮಲ್ಲಿ ಹಾಕಿದ್ದರು. ಓದಿನಲ್ಲಿ ಚುರುಕು, ಅಕ್ಷರ ಮುತ್ತಿನಂತೆ. ಮೊದಲು ಕಿವಿಯಲ್ಲಿ ನೋವೇನೋ ಅಂದುಕೊಂಡೆ. ಬೆನ್ನ ಹಿಂದೆ ನಿಂತು ಮೆಲ್ಲಗೆ ಹೆಸರು ಕರೆದೆ, ತಟ್ಟನೆ ತಿರುಗಿದಳು. ನನ್ನ ದನಿಯೇ ಸೇರದೇನೋ ಅಂದುಕೊಂಡೆ. ಆದರೆ ಮಗ್ಗಿ ಹೇಳಿಸುವಾಗ, ಲೆಕ್ಕ ಹೇಳುವಾಗ ಕಣ್ಣು ಅರಳಿಸಿಕೊಂಡು ಕೇಳುತ್ತಿದ್ದಳು. ರಾಕ್ಷಸರಿಗೆ ಹೆದರುತ್ತಾಳೇನೋ ಅಂತ ಒಂದು ಶನಿವಾರ ಬರೀ ಮೊಲ ಆಮೆಗಳನ್ನೇ ತಂದೆ. ಮೊಲಕ್ಕೂ ಕಿವಿ ಮುಚ್ಚಿದಳು.

ನನ್ನ ತಲೆ ಪೂರಾ ಕೆಡಿಸಿದ್ದು ಪಠ್ಯಪುಸ್ತಕದ ಒಂದು ಪಾಠ. ಅದೂ ಕಥೆಯೇ; ಒಬ್ಬ ರೈತ, ಅವನ ಎತ್ತು, ಒಂದು ಹುಲಿ. ಮಂಗಳವಾರ ಅದನ್ನು ಓದಿಸಿದಾಗ ಆ ಹುಡುಗಿ ಎದ್ದು ನಿಂತು, ಹುಲಿಯ ಮಾತಿಗೆ ಹುಲಿಯ ದನಿ ಹಾಕಿ ಗಡಗಡ ಓದಿದಳು. ಎಲ್ಲರಿಗೂ ಖುಷಿ. ಇವಳಿಗೆ ಕಥೆ ಸೇರುತ್ತದೆ, ಬಹಳ ಸೇರುತ್ತದೆ, ಅಂದಮೇಲೆ ಶನಿವಾರದ್ದೇನು ನಾಟಕ?

ಆ ಶನಿವಾರ ಗಂಟೆ ಹೊಡೆದ ಮೇಲೆ ಅವಳನ್ನು ನಿಲ್ಲಿಸಿಕೊಂಡೆ.

“ಮಂಗಳವಾರ ಅಷ್ಟು ಛಂದ ಓದಿದಿ. ಇವತ್ತ್ಯಾಕ ಕಿವಿ ಮುಚ್ಕೊಂಡಿ?”

“ಅದು ಪಾಠ ಅದರಿ ಟೀಚರ್. ಇದು ಕತಿ.”

“ಕತಿ ಆದ್ರೇನು?”

ಅವಳು ಕಿಟಕಿಯ ಕಡೆ ನೋಡಿದಳು. ಹೊರಗೆ ನಡುಹಗಲಿನ ಬಿಸಿಲು. “ಹಗಲಿಗೆ ಕತಿ ಕೇಳಬಾರದ್ರಿ. ದಾರ್ಯಾಗ ಇದ್ದೋರು ದಾರಿ ತಪ್ಪತಾರ.”

ನಗು ಬಂತು. ಚಿಂಚೋಳಿಯ ನಮ್ಮ ಮನೆಯಲ್ಲೂ ಅಜ್ಜಿ ದೀಪ ಹಚ್ಚಿದ ಮೇಲೆಯೇ ಬಾಯಿ ಬಿಡುತ್ತಿದ್ದಳು. ಹಗಲು ಕಥೆ ಕೇಳುತ್ತ ಕೂತರೆ ತೊಗರಿ ಆರಿಸುವವರು ಯಾರು ಅಂತ ಹಾಗೆ ಮಾಡುತ್ತಾಳೆ ಎಂದೇ ನಾನು ತಿಳಿದಿದ್ದೆ. ಅದಕ್ಕೆ ಹೀಗೊಂದು ಕಾರಣ ಇದ್ದೀತೆಂದು ಎಂದೂ ಹೊಳೆದಿರಲಿಲ್ಲ. ಎಲ್ಲೋ ಒಂದು ಪಡಸಾಲೆಯಲ್ಲಿ ಯಾರೋ ಕಥೆ ಹೇಳುತ್ತಾರೆ, ಮತ್ತೆಲ್ಲೋ ನಡೆಯುತ್ತಿರುವವನ ಕಾಲ ಕೆಳಗೆ ದಾರಿ ಬದಲಾಗುತ್ತದೆ. ನಗುತ್ತ ನಗುತ್ತಲೇ, ಎಷ್ಟು ಚೆನ್ನಾಗಿದೆಯಲ್ಲ ಇದು ಅನ್ನಿಸಿತು. ನನ್ನ ಇಂಗ್ಲಿಷ್ ಪುಸ್ತಕದಲ್ಲಿ ಇಷ್ಟು ಚೆನ್ನಾದದ್ದು ಒಂದೂ ಇರಲಿಲ್ಲ.

“ಯಾರು ಹೋಗ್ಯಾರ ನಿಮ್ಮನ್ಯಾಗ?” ಅಂತ ಕೇಳಿದೆ.

“ಅಬ್ಬಾ ಹೋಗ್ಯಾರ್ರಿ. ಸೊಲ್ಲಾಪುರಕ್ಕ. ಗಿರಣಿ ಕೆಲಸಕ್ಕ.”

“ರೈಲಿನಾಗ ಹೋದೋರು ಹ್ಯಾಂಗ ದಾರಿ ತಪ್ಪತಾರ? ಹಳಿ ಬಿಟ್ಟು ಎಲ್ಲಿ ಹೋಗ್ತದ ರೈಲು?”

ಆ ಹುಡುಗಿ ನನ್ನನ್ನು ಅಯ್ಯೋ ಪಾಪ ಅನ್ನುವ ಹಾಗೆ ನೋಡಿದಳು. “ಹಳಿ ಬದಲಿಸೂ ಪಾಯಿಂಟ್ ಅದಾವಲ್ರಿ ಟೀಚರ್. ಒಂದು ರಾಯಚೂರಿಗಿ ಹೋಗ್ತದ, ಒಂದು ಹೈದ್ರಾಬಾದಿಗಿ ಹೋಗ್ತದ. ತಪ್ಪಿ ಹಾಕಿದ್ರ?”

ವಾಡಿಯ ಮಕ್ಕಳ ಜತೆ ರೈಲಿನ ವಿಷಯ ವಾದ ಮಾಡಬಾರದು. ಆಯಿತು, ಬರುತ್ತಾರೆ ಬಿಡು, ಹೋಗಿ ಎಷ್ಟು ದಿನವಾಯಿತು ಅಂದೆ. ಹಿಂದಿನ ವರ್ಷದ ರಂಜಾನಿಗೆ ಮೊದಲು ಅಂದಳು. ವರ್ಷ ದಾಟಿತ್ತು. ನನ್ನ ಮುಖದ ಮೇಲಿನ ನಗು ಏನಾಯಿತೋ, ಅವಳೇ ಮುಂದುವರಿಸಿದಳು. ದನಿ ಮಾತ್ರ ಬಹಳ ಸಣ್ಣದಾಗಿತ್ತು. ಅಜ್ಜಿಯನ್ನು ಅವಳು ದಾದಿ ಅನ್ನುತ್ತಿದ್ದಳು.

“ಅವತ್ತು ನನಗ ಜ್ವರ ಬಂದಿತ್ರಿ. ಕತಿ ಹೇಳು ಅಂತ ದಾದಿಗಿ ಭಾಳ ಕಾಡಿನ್ರಿ. ಮಧ್ಯಾಹ್ನ ಇತ್ತು. ದಾದಿ ಬ್ಯಾಡ ಅಂದ್ಲು, ನಾ ಅತ್ನಿ. ಹೇಳಿದ್ಲು. ಅಬ್ಬಾ ಅದೇ ಹೊತ್ತಿನ ಗಾಡಿಗಿ ಹೋಗಿದ್ರು. ಅವರು ದಾರಿ ತಪ್ಪ್ಯಾರಂತ. ನಂದೇ ತಪ್ಪು ಅದರಿ.”

ಇಷ್ಟುದ್ದದ ಹುಡುಗಿ, ಒಂದು ವರ್ಷದಿಂದ ತಂದೆಯನ್ನು ಕಳೆದವಳು ತಾನೇ ಎಂದು ಹೊತ್ತುಕೊಂಡು ತಿರುಗುತ್ತಿದ್ದಾಳೆ. ಇನ್ನೊಂದು ಕಥೆ ಕಿವಿಗೆ ಬಿದ್ದರೆ ಬರುವ ದಾರಿಯೂ ಅಳಿಸಿಹೋದೀತೆಂದು ಕೈ ಅಡ್ಡ ಇಟ್ಟು ಕಾಯುತ್ತಿದ್ದಾಳೆ. ನಾನು ತಿಳಿದ ಹಾಗೆಲ್ಲ ಹೇಳಿದೆ. ಅದೆಲ್ಲ ಸುಳ್ಳು, ಕಥೆಗೂ ದಾರಿಗೂ ಸಂಬಂಧವಿಲ್ಲ, ಹಾಗಿದ್ದರೆ ನಾನು ಕಥೆ ಹೇಳಿದ ಶನಿವಾರಗಳಂದೆಲ್ಲ ವಾಡಿಯ ರೈಲುಗಳು ಎಲ್ಲೆಲ್ಲಿಗೋ ಹೋಗಬೇಕಿತ್ತಲ್ಲ ಅಂದೆ. ಪಾಠ ಕೇಳಿದ ಹಾಗೆ ಕೇಳಿ, ತಲೆ ಆಡಿಸಿ, “ಹೌದ್ರಿ ಟೀಚರ್” ಅಂದಳು. ಮುಂದಿನ ಶನಿವಾರ ಮತ್ತೆ ಕಿವಿ ಮುಚ್ಚಿದಳು.

ನನ್ನ ಸಿಟ್ಟು ಈಗ ಅಜ್ಜಿಯ ಮೇಲೆ ತಿರುಗಿತು. ಸೋಮವಾರ ಶಾಲೆ ಬಿಟ್ಟ ಮೇಲೆ ಅವಳ ಹಿಂದೆಯೇ ಹೊರಟೆ. ರೈಲ್ವೆ ಗೇಟಿನ ಈಚೆಗೇ, ಫರಸಿ ಕಲ್ಲನ್ನೇ ನಿಲ್ಲಿಸಿ ಗೋಡೆ, ಫರಸಿಯನ್ನೇ ಮಲಗಿಸಿ ಚಾವಣಿ ಮಾಡಿದ ಚಿಕ್ಕ ಮನೆ. ಮುದುಕಿ ಹೊಸ್ತಿಲ ಬಳಿ ಬೀಸುಕಲ್ಲು ಹಾಕಿಕೊಂಡು ತೊಗರಿ ಒಡೆಯುತ್ತಿದ್ದಳು.

“ಬರ್ರಿ ಟೀಚರಮ್ಮ, ಕುಂದ್ರಿ” ಅಂದು ಚಾಪೆ ಸರಿಸಿದಳು. ಮೊಮ್ಮಗಳನ್ನು ಚಹಾಕ್ಕೆ ಚಾಪತ್ತಿ ತರಲು ಅಂಗಡಿಗೆ ಕಳಿಸಿದಳು. ಒಳ್ಳೆಯದೇ ಆಯಿತೆಂದು ನಾನು ಕೂತಲ್ಲಿಂದಲೇ ಶುರು ಮಾಡಿದೆ.

“ಮಕ್ಕಳ ತಲ್ಯಾಗ ಇಂಥಾದ್ದೆಲ್ಲ ಯಾಕ ತುಂಬ್ತೀರಿ ಅಮ್ಮಾ? ಹಗಲಿಗೆ ಕತಿ ಹೇಳಿದ್ರ ದಾರಿ ತಪ್ಪತಾರ ಅಂತ?”

“ತುಂಬೂದೇನದ ಅದರಾಗ. ನಮ್ಮ ದಾದಿ ನನಗ ಹೇಳಿದ್ಲು, ಆಕಿಗಿ ಆಕಿ ದಾದಿ. ಎಲ್ಲಾರ ಮನ್ಯಾಗ ಹೇಳ್ತಾರ.”

“ನಿಮ್ಮ ಮಗ ದಾರಿ ತಪ್ಪ್ಯಾನಂತ ನೀವು ನಂಬೀರೇನು?”

ಬೀಸುಕಲ್ಲು ತಿರುಗುತ್ತಲೇ ಇತ್ತು. “ಅವ ಸೊಲ್ಲಾಪುರದಾಗ ಅದಾನ. ಅಲ್ಲೇ ನಿಕಾ ಮಾಡ್ಕೊಂಡಾನ. ಒಂದು ಗಂಡು ಕೂಸು ಆಗ್ಯದ ಅಂತ, ನಮ್ಮ ಅಕ್ಕನ ಮಗ ನೋಡಿ ಬಂದಾನ.” ಮಳೆ ಬಂತು, ಮಳೆ ನಿಂತಿತು ಅನ್ನುವಷ್ಟು ಸಪ್ಪಗೆ ಹೇಳಿದಳು. “ಇದರ ಅಮ್ಮಿ ತೀರಿಕೊಂಡ ಮ್ಯಾಲ ಅವಗ ಈ ಮನಿ ತಿನ್ನಲಿಕ್ಕ ಬಂದಂಗ ಆಗ್ತಿತ್ತು. ಹೊಸ ಸಂಸಾರ ಮಾಡ್ಲಿ, ನಾ ಬ್ಯಾಡ ಅನ್ನಲ್ಲ. ಆದ್ರ ಇಲ್ಲೊಂದು ಮಗಳು ಅದ ಅಂತ ಹೊಸ ಹೆಂಡ್ತಿಗಿ ಹೇಳೇ ಇಲ್ಲಂತ. ಈಗ ಹ್ಯಾಂಗ ಬರ್ತಾನ?”

ಜಗಳಕ್ಕೆ ಬಂದವಳು ನಾನು. ಚೆಲ್ಲಿದ್ದ ಬೇಳೆಯನ್ನು ಒಂದೊಂದಾಗಿ ಆರಿಸತೊಡಗಿದೆ.

“ಅಪ್ಪಗ ನೀ ಬ್ಯಾಡಾದಿ ಅಂತ ಕೂಸಿಗಿ ಹ್ಯಾಂಗ ಹೇಳ್ಲಿ ಟೀಚರಮ್ಮ? ದಾರಿ ತಪ್ಪ್ಯಾನ ಅಂದ್ನಿ. ದಾರಿ ತಪ್ಪಿದವನ ಮ್ಯಾಲ ಯಾರಿಗೂ ಸಿಟ್ಟು ಬರೂದಿಲ್ಲ. ಅದಕ್ಕ ಅಂದ್ನಿ.”

ಆಕೆಯ ಲೆಕ್ಕ ನನಗೆ ತಿಳಿಯಿತು. ತಂದೆ ಒಳ್ಳೆಯವನಾಗಿಯೇ ಉಳಿಯಬೇಕು, ಮಗಳು ಬೇಡವಾದವಳಾಗಬಾರದು. ಇಬ್ಬರನ್ನೂ ಉಳಿಸಿ, ಇದ್ದ ತಪ್ಪನ್ನೆಲ್ಲ ಬಾಯಿಲ್ಲದ ದಾರಿಯ ತಲೆಗೆ ಕಟ್ಟಿದ್ದಳು. ಆದರೆ ಹುಡುಗಿ ಆ ಭಾರವನ್ನು ದಾರಿಯ ತಲೆಯಿಂದ ಇಳಿಸಿ ತನ್ನ ತಲೆಗೇ ಇಟ್ಟುಕೊಂಡದ್ದು ಆಕೆಗೆ ಗೊತ್ತೇ ಇರಲಿಲ್ಲ.

“ಅವ ಹೋದ ದಿನ ಮಧ್ಯಾಹ್ನ ನೀವು ಕತಿ ಹೇಳಿದ್ರಂತಲ್ಲ ಅಮ್ಮಾ” ಅಂದೆ. “ತಾನು ಅತ್ತು ಕೇಳಿದ್ದಕ್ಕೇ ಅಬ್ಬಾ ದಾರಿ ತಪ್ಪಿದ್ರು ಅಂತ ಆಕಿ ತಿಳ್ಕೊಂಡಾಳ.”

ಬೀಸುಕಲ್ಲು ನಿಂತಿತು.

“ಹೇಳಿದ್ನಿ” ಅಂದಳು. “ಮೈ ಸುಡ್ಲಿಕತ್ತಿತ್ತು ಕೂಸಿಂದು. ಒಂದು ಸಲ ಹೇಳಿದ್ರ ಏನಾಗ್ತದ ಅಂತ ಹೇಳಿದ್ನಿ.” ಆಮೇಲೆ ಒಡೆದ ಬೇಳೆಯನ್ನು ಎರಡೂ ಕೈಯಿಂದ ಮೊರಕ್ಕೆ ತುಂಬಿದಳು, ಮತ್ತೆ ಸುರಿದಳು, ಮತ್ತೆ ತುಂಬಿದಳು. ಮೊಮ್ಮಗಳು ಚಾಪತ್ತಿ ತಂದಳು. ಚಹಾ ಕುಡಿದೆವು. ಮೂವರೂ ಶಾಲೆಯ ಬಾವಿಯ ನೀರಿನ ವಿಷಯ ಮಾತಾಡಿದೆವು.

ಮನೆಗೆ ನಡೆದು ಬರುವಾಗ ನನ್ನ ಕಥೆಗಳು ಒಂದೊಂದಾಗಿ ನೆನಪಾಗತೊಡಗಿದವು. ಆ ಪುಸ್ತಕದ ಒಂದು ಕಥೆಯಲ್ಲಿ ತಂದೆಯೇ ಮಗಳನ್ನು ಸಂತೆಯಲ್ಲಿ ನಿಲ್ಲಿಸಿ, ಹಿಂದೆ ನೋಡದೆ ಹೊರಟುಹೋಗುತ್ತಾನೆ. ನಾನು ಅದನ್ನು ಹೇಳುವಾಗ, ಸಂತೆಯ ಗದ್ದಲದಲ್ಲಿ ಅಪ್ಪನ ಕೈ ತಪ್ಪಿತು ಅಂತ ಮಾಡಿದ್ದೆ. ಮಕ್ಕಳಿಗೆ ಇಷ್ಟು ಕಟುವಾದದ್ದು ಯಾಕೆ ಅಂತ. ಕೈ ತಪ್ಪಿತು, ದಾರಿ ತಪ್ಪಿತು. ಕನ್ನಡದಲ್ಲಿ ಎಷ್ಟು ಅನುಕೂಲದ ಮಾತು ನೋಡಿ ಈ ತಪ್ಪುವುದು. ಯಾರ ತಪ್ಪು ಅಂತ ಹೇಳದೆಯೇ ಎಲ್ಲವನ್ನೂ ಹೇಳಿ ಮುಗಿಸಬಹುದು. ಆ ಮುದುಕಿ ಮಾಡಿದ್ದಕ್ಕೂ ನಾನು ಮಾಡುತ್ತಿದ್ದುದಕ್ಕೂ ಏನು ಫರಕು? ನನ್ನ ಸಂತೆಯ ಕಥೆ ಕೇಳಿದ ಮಕ್ಕಳಲ್ಲಿ ಯಾರಾದರೂ, ಕೈ ಗಟ್ಟಿಯಾಗಿ ಹಿಡಿಯದೆ ಇದ್ದದ್ದು ಕಥೆಯ ಹುಡುಗಿಯದೇ ತಪ್ಪು ಅಂದುಕೊಂಡಿರಬಹುದೇ? ಕೇಳಬೇಕು ಅನ್ನಿಸಿತು. ಕೇಳಲು ಅಂಜಿಕೆಯೂ ಆಯಿತು.

ಮುಂದಿನ ಶನಿವಾರ ಕೊನೆಯ ಪಿರಿಯಡ್ಡಿಗೆ ಮುದುಕಿ ಶಾಲೆಗೆ ಬಂದಳು. ತೊಳೆದ ಬಿಳಿ ಚಾದರ ಹೊದ್ದಿದ್ದಳು. “ಇವತ್ತು ನಾ ಹೇಳ್ಲೇನ್ರಿ ಟೀಚರಮ್ಮ?” ಅಂದಳು. ನಾನು ಕುರ್ಚಿ ಬಿಟ್ಟುಕೊಟ್ಟೆ. ಆಕೆ ಕುರ್ಚಿಯಲ್ಲಿ ಕೂರಲಿಲ್ಲ. ಸೀದಾ ಮೂರನೇ ಸಾಲಿಗೆ ಹೋಗಿ ನೆಲದ ಮೇಲೆ ಕೂತು, ಮೊಮ್ಮಗಳನ್ನು ಎಳೆದು ತೊಡೆಯ ಮೇಲೆ ಕೂರಿಸಿಕೊಂಡಳು. ಕಿವಿಗೆ ಹೋಗುತ್ತಿದ್ದ ಎರಡೂ ಕೈಗಳನ್ನು ತನ್ನ ಕೈಯಲ್ಲಿ ಹಿಡಿದುಕೊಂಡಳು. ಹುಡುಗಿ ಕೊಸರಾಡಿದಳು. ಮಕ್ಕಳೆಲ್ಲ ಸುತ್ತ ಬಂದು ಮುತ್ತಿದರು.

“ಒಂದೂರಾಗ ಒಬ್ಬಾಕಿ ಮುದುಕಿ ಇದ್ಲು” ಅಂತ ಶುರು ಮಾಡಿದಳು. “ಆಕಿಗಿ ಒಬ್ಬ ಮಗ. ಮಗ ಒಂದಿನ ಕಂಬಳಿ ಹೆಗಲಿಗಿ ಹಾಕ್ಕೊಂಡು ಹೊಂಟ. ಹೋದಾವ ಬರಲಿಲ್ಲ. ಎಲ್ಲಿ ನಿನ್ನ ಮಗ ಅಂತ ಮಂದಿ ಕೇಳಿದ್ರು. ಏನ್ ಮಾಡ್ಲಿ, ದಾರಿ ಸರಿ ಇಲ್ಲ, ನನ್ನ ಮಗಗ ತಪ್ಪಿಸಿಬಿಟ್ಟದ ಅಂದ್ಲು. ನೆರಮನಿಯಾಕಿಗಿ ಹಂಗ ಅಂದ್ಲು. ಬಾವಿಗಿ ನೀರಿಗಿ ಬಂದೋರಿಗಿ ಹಂಗ ಅಂದ್ಲು. ಮೇಕಿ ಮರಿಗೋಳಿಗೂ ಹಂಗೇ ಅಂದ್ಲು. ಒಂದಿನ ಮಟಮಟ ಮಧ್ಯಾಹ್ನ ಯಾರೋ ಬಾಗಿಲಾ ಬಡದ್ರು. ತಗದು ನೋಡ್ತಾಳ, ದಾರಿ ಬಂದು ನಿಂತದ.”

“ದಾರಿ ಹ್ಯಾಂಗ ನಿಂದ್ರತದ್ರಿ?” ಅಂದ ಒಬ್ಬ.

“ಚಾಪಿ ಸುತ್ತಿದಂಗ ಸುತ್ಕೊಂಡು ಬಂದಿತ್ತು.”

ಆತನಿಗೆ ಸಮಾಧಾನವಾಯಿತು. ನನಗೆ ಹೊಟ್ಟೆಕಿಚ್ಚಾಯಿತು. ಇಷ್ಟು ದಿನದಲ್ಲಿ ಇಂಥ ಒಂದು ಮಾತು ನನ್ನ ಬಾಯಿಂದ ಬಂದಿರಲಿಲ್ಲ.

“ದಾರಿ ಅಂತು, ಏ ಮುದುಕಿ, ಊರೆಲ್ಲ ನನಗ ಬಯ್ಲಿಕತ್ತದ. ಎತ್ತು ನನ್ನ ಮ್ಯಾಲ ಕಾಲಿಡಲಿಕ್ಕ ಹೆದರ್ತಾವ. ನಾ ಏನು ಮಾಡೀನಿ? ಎಲ್ಲಿ ಬಿದ್ದಿದ್ನೋ ಅಲ್ಲೇ ಬಿದ್ದೀನಿ. ನಿನ್ನ ಮಗ ಯಾರಿಗೂ ದಾರಿ ಕೇಳಲಿಲ್ಲ. ಒಂದು ಸಲಾನೂ ಎಡವಲಿಲ್ಲ. ಹೋಗೂ ದಾರಿ ಅವಗ ಗೊತ್ತಿತ್ತು. ಬರೂ ದಾರಿನೂ ಗೊತ್ತದ.”

“ಮತ್ತ ಯಾಕ ಬರಲಿಲ್ರಿ?” ಅಂದಳು ಮುಂದೆ ಕೂತವಳು.

ಮುದುಕಿ ಉಸಿರೆಳೆದುಕೊಂಡಳು. “ಅವಗ ಬರೂದು ಬ್ಯಾಡಾಗಿತ್ತು ಬೇಟಾ” ಅಂದಳು. ಉತ್ತರ ಕೊಟ್ಟದ್ದು ಮುಂದೆ ಕೂತವಳಿಗೆ, ನೋಡುತ್ತಿದ್ದುದು ತೊಡೆಯ ಮೇಲಿದ್ದವಳನ್ನು.

ತೊಡೆಯ ಮೇಲಿದ್ದವಳು ಯಾವಾಗಲೋ ಕೊಸರಾಡುವುದನ್ನು ನಿಲ್ಲಿಸಿದ್ದಳು. ಮುಖ ಹೊರಳಿಸಿ ಅಜ್ಜಿಯನ್ನೇ ದಿಟ್ಟಿಸಿದಳು. “ಹಂಗಂದ್ರ, ನಾ ಕತಿ ಕೇಳಿದ್ದಕ್ಕ ಅಲ್ಲಾ?”

“ಅಲ್ಲ. ಕತಿದು ತಪ್ಪಿಲ್ಲ, ದಾರಿದು ತಪ್ಪಿಲ್ಲ, ನಿಂದಂತೂ ಏನೂ ತಪ್ಪಿಲ್ಲ.”

ಅಳುತ್ತಾಳೆ ಅಂದುಕೊಂಡು ನಾನು ಎದ್ದು ನಿಂತಿದ್ದೆ. ಅವಳು ಅಳಲಿಲ್ಲ. ಕೈ ಕಿತ್ತುಕೊಂಡು, “ಮತ್ತ ನನಗ್ಯಾಕ ಮೊದ್ಲೇ ಹೇಳ್ಲಿಲ್ಲ?” ಅಂತ ಒಮ್ಮೆ ಅಜ್ಜಿಯ ಹೆಗಲಿಗೆ ಗುದ್ದಿದಳು. ಪಾಟೀಚೀಲ ಎತ್ತಿಕೊಂಡು ಹೊರಗೆ ಹೋಗಿ ಬೇವಿನಮರದ ಕೆಳಗೆ ಬೆನ್ನು ಹಾಕಿ ಕೂತಳು. ಮುದುಕಿ ಶಾಲೆಯ ಮೆಟ್ಟಿಲ ಮೇಲೆ ಕೂತು ಕಾದಳು. ಗಂಟೆ ಹೊಡೆಯಿತು, ಎಲ್ಲರೂ ಹೋದರು, ನಾನೂ ಬೀಗ ಹಾಕಿದೆ. ಕೊನೆಗೆ ಹುಡುಗಿ ಎದ್ದು ಹೊರಟಳು. ಅವಳು ಮುಂದೆ, ಮುದುಕಿ ಹಿಂದೆ, ಗೇಟಿನ ಕಡೆ ನಡೆದುಹೋದರು. ಸರಿಯಾಯಿತೋ, ಇನ್ನಷ್ಟು ಕೆಟ್ಟಿತೋ ನನಗೆ ತಿಳಿಯಲಿಲ್ಲ. ಭಾನುವಾರವಿಡೀ ಕೈಗೆ ಕೆಲಸ ಹತ್ತಲಿಲ್ಲ.

ಸೋಮವಾರ ಊಟದ ಬಿಡುವಿನಲ್ಲಿ ಅವಳು ನನ್ನ ಮೇಜಿನ ಮುಂದೆ ಬಂದು ನಿಂತಳು. ಮುಖ ಇನ್ನೂ ಬಿಗಿದುಕೊಂಡೇ ಇತ್ತು.

“ಟೀಚರ್, ಶಾಲಿ ಶುರು ಆದಾಗಿಂದ ನೀವು ಹೇಳಿದ್ದು ಒಂದು ಕತಿನೂ ನಾ ಕೇಳಿಲ್ರಿ.”

“ಗೊತ್ತದ.”

“ಎಲ್ಲಾ ಮತ್ತ ಹೇಳ್ರಿ. ಮೊದ್ಲಿಂದ.”

ಕೇಳಿದ್ದು ಬೇಡುವ ದನಿಯಲ್ಲಲ್ಲ. ತನಗೆ ಬರಬೇಕಾದ್ದನ್ನು ಕೇಳುವವರ ದನಿ. ಅಂದಿನಿಂದ ಊಟದ ಬಿಡುವಿನಲ್ಲಿ ಅವಳೊಬ್ಬಳಿಗೇ ಕಥೆ. ಇಷ್ಟು ದಿನ ಕಿವಿ ಮುಚ್ಚಿಕೊಂಡಿದ್ದವಳು ಈಗ ಒಂದು ಮಾತನ್ನೂ ಬಿಡುತ್ತಿರಲಿಲ್ಲ. ರಾಕ್ಷಸ ಹಗಲೆಲ್ಲ ಏನು ಮಾಡುತ್ತಿದ್ದ, ಕಪ್ಪೆಗೆ ಕಿರೀಟ ಹೇಗೆ ನಿಲ್ಲುತ್ತಿತ್ತು, ಎಲ್ಲಕ್ಕೂ ಉತ್ತರ ಬೇಕು. ಒಂದು ಮಧ್ಯಾಹ್ನ ಕಟ್ಟಿಗೆ ಕಡಿಯುವವನ ಮಗಳ ಕಥೆ ತೆಗೆದೆ. ತಂದೆ ಕಟ್ಟಿಗೆಗೆಂದು ಹೊಳೆ ದಾಟಿ ಹೋಗುತ್ತಾನೆ, ಹಿಂದಿರುಗಿ ಬರುವುದಿಲ್ಲ. ಯಾಕೆ ಬರಲಿಲ್ಲ ಅನ್ನುವುದನ್ನು ಪುಸ್ತಕ ಹೇಳುವುದಿಲ್ಲ, ಕಥೆಯೆಲ್ಲ ಮಗಳದು. ನಾನು ಮೊದಲ ಸಲ ಹೇಳಿದಾಗ ಹೊಳೆಗೆ ಮಹಾಪೂರ ತಂದಿದ್ದೆ, ಯಾರೂ ಏನೂ ಕೇಳಿರಲಿಲ್ಲ.

“ಅವಗ ದಾರಿ ಗೊತ್ತಿತ್ತೇನ್ರಿ?” ಅಂದಳು ಆ ಹುಡುಗಿ.

ಮಹಾಪೂರ ನಾಲಿಗೆಯ ಮೇಲೇ ಇತ್ತು. ಅವಳು ಕಣ್ಣು ಮಿಟುಕಿಸದೆ ನನ್ನನ್ನೇ ನೋಡುತ್ತಿದ್ದಳು.

“ಗೊತ್ತಿತ್ತು” ಅಂದೆ.

ಅವಳು ಸ್ವಲ್ಪ ಹೊತ್ತು ನೆಲದ ಫರಸಿಯ ಸಂದಿನಲ್ಲಿದ್ದ ಮಣ್ಣನ್ನು ಕಡ್ಡಿಯಿಂದ ಕೆದಕಿದಳು. ಆಮೇಲೆ ಕಡ್ಡಿ ಬಿಸಾಡಿ, ಕಾಲು ಮಡಚಿಕೊಂಡು ಹತ್ತಿರ ಸರಿದು ಕೂತಳು.

“ಮತ್ತ ಆ ಹುಡುಗಿ ಏನು ಮಾಡಿದ್ಲು? ಆಕಿದು ಹೇಳ್ರಿ.”